ಪುಣೆಯ ಸಿಮ್, ಹೊಸನಗರದ ಮನೆ: ಪ್ಲಾನ್ ಬದಲಿಸಬೇಕಾ, ಕಂಪನಿ ಬದಲಿಸಬೇಕಾ?

ಪ್ರಶ್ನೆ: ನಾನು ಪುಣೆಯಲ್ಲಿ ಕೆಲಸದಲ್ಲಿದ್ದೇನೆ. ಅಪ್ಪ ಅಮ್ಮ ಕೆಲವು ವರ್ಷ ನನ್ನ ಜೊತೆ ಇದ್ದಾಗ ಇಬ್ಬರಿಗೂ ಇಲ್ಲೇ ಒಂದೇ ಖಾಸಗಿ ಕಂಪನಿಯ ಪ್ರಿಪೇಯ್ಡ್ ಸಿಮ್ ಕೊಡಿಸಿದ್ದೆ. ಈಗ ಅವರು ಹೊಸನಗರ ತಾಲ್ಲೂಕಿನ ನಮ್ಮ ಹಳ್ಳಿಗೆ ವಾಪಸ್ ಹೋಗಿದ್ದಾರೆ. ಅಪ್ಪನ ಸ್ಮಾರ್ಟ್‌ಫೋನಿಗೆ ಮನೆಯೊಳಗೆ ಸಿಗ್ನಲ್ಲೇ ಇಲ್ಲ, ಅಂಗಳಕ್ಕೆ ಬಂದರೂ ಮಾತು ಕಟ್ಟಾಗುತ್ತದೆ. ಅಮ್ಮನ ಹಳೇ ಕೀಪ್ಯಾಡ್ ಫೋನ್ ಮಾತ್ರ ಅಡುಗೆಮನೆಯಲ್ಲೂ ರಿಂಗಾಗುತ್ತದೆ. ಮಳೆ ಶುರುವಾದ ಮೇಲೆ ಇನ್ನೂ ಹದಗೆಟ್ಟಿದೆ. ಪರದೆಯ ಮೇಲೆ ‘ಆರ್’ ಅಂತ ಬರುತ್ತದೆ. ರೋಮಿಂಗ್ ಇರುವುದರಿಂದ ಹೀಗಾ? ರೀಚಾರ್ಜ್ ಅಂಗಡಿಯವರು ದೊಡ್ಡ ಪ್ಲಾನ್ ಹಾಕಿಸಿ ಅಂತಾರೆ, ಪಕ್ಕದ ಮನೆಯವರು ಪೋರ್ಟ್ ಮಾಡಿಸಿ ಅಂತಾರೆ. ಜೊತೆಗೆ ಇಬ್ಬರೂ ಸದ್ಯದಲ್ಲೇ ವೈಷ್ಣೋದೇವಿಗೆ ಹೊರಟಿದ್ದಾರೆ. ಈ ಸಿಮ್ ಅಲ್ಲಿ ನಡೆಯುತ್ತದಾ?

ಉತ್ತರ: ಮೊದಲು ‘ಆರ್’ ಭಯ ಬಿಡಿ. ನಮ್ಮ ದೇಶವನ್ನು ಮೊಬೈಲ್ ಸೇವೆಗಾಗಿ 22 ಸರ್ಕಲ್‌ಗಳಾಗಿ ಹಂಚಿದ್ದಾರೆ. ಪುಣೆ ಮಹಾರಾಷ್ಟ್ರ ಸರ್ಕಲ್‌ಗೆ ಸೇರುತ್ತದೆ, ಹೊಸನಗರ ಕರ್ನಾಟಕ ಸರ್ಕಲ್‌ಗೆ. ಒಂದು ಸರ್ಕಲ್‌ನ ಸಿಮ್ ಇನ್ನೊಂದಕ್ಕೆ ಹೋದಾಗ ಫೋನ್ ‘ಆರ್’ ತೋರಿಸುತ್ತದೆ, ಅಷ್ಟೇ. ಹಿಂದೆ ಇದಕ್ಕೆ ದುಡ್ಡು ಬೀಳುತ್ತಿತ್ತು. 2015ರ ಮೇನಲ್ಲಿ ಟ್ರಾಯ್ (ಟೆಲಿಕಾಂ ಕಂಪನಿಗಳ ಮೇಲೆ ಕಣ್ಣಿಡುವ ಪ್ರಾಧಿಕಾರ) ದರ ಇಳಿಸಿದ ಮೇಲೂ ರೋಮಿಂಗ್‌ನಲ್ಲಿ ಬಂದ ಕರೆಗೆ ನಿಮಿಷಕ್ಕೆ 45 ಪೈಸೆವರೆಗೆ ಹಾಕಬಹುದಿತ್ತು. ಊರಿಂದ ಫೋನ್ ಬಂದರೆ ಕಟ್ ಮಾಡಿ, ಎಸ್‌ಟಿಡಿ ಬೂತ್ ಹುಡುಕುತ್ತಿದ್ದ ಕಾಲ ನಿಮ್ಮ ಅಪ್ಪನಿಗೆ ಚೆನ್ನಾಗಿ ನೆನಪಿರುತ್ತದೆ. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ರೋಮಿಂಗ್ ಶುಲ್ಕವೇ ಇಲ್ಲ ಅಂತ ಬಂತು. 2017ರ ಏಪ್ರಿಲ್ 1ರಿಂದ ಏರ್‌ಟೆಲ್ ಕೂಡ ದೇಶದೊಳಗಿನ ರೋಮಿಂಗ್ ಶುಲ್ಕ ತೆಗೆಯಿತು. ಈಗಿನ ಅನ್‌ಲಿಮಿಟೆಡ್ ಪ್ಲಾನ್‌ಗಳಲ್ಲಿ ಆ ತಲೆನೋವು ಇಲ್ಲ.

ಆದರೆ ‘ಆರ್’ ಇದ್ದಾಗ ಒಂದು ಕಡೆ ಎಡವುವವರು ಜಾಸ್ತಿ. ಫೋನಿನ ಸೆಟ್ಟಿಂಗ್‌ನಲ್ಲಿ ಡೇಟಾ ರೋಮಿಂಗ್ ಅನ್ನುವ ಗುಂಡಿ ಇರುತ್ತದೆ. ಅದು ಆಫ್ ಆಗಿದ್ದರೆ ಕರೆ ಬರುತ್ತದೆ, ಇಂಟರ್ನೆಟ್ ಬರುವುದಿಲ್ಲ. ಅಪ್ಪನ ಫೋನಿನಲ್ಲಿ ಅದನ್ನು ಇವತ್ತೇ ಆನ್ ಮಾಡಿಸಿ. ಗಡಿ ಊರಿನವರಿಗೆ ಇದು ಹೊಸದಲ್ಲ. ನಿಪ್ಪಾಣಿ, ಕಾರವಾರ, ಅತ್ತಿಬೆಲೆ ಕಡೆ ಮನೆಯಲ್ಲಿ ಕೂತಿದ್ದಾಗಲೇ ಫೋನ್ ಪಕ್ಕದ ರಾಜ್ಯದ ಟವರ್ ಹಿಡಿದುಬಿಡುತ್ತದೆ. ನೆಟ್ ನಿಂತುಹೋಯಿತು ಅಂತ ಅಂಗಡಿಗೆ ಹೋದರೆ, ಆ ಗುಂಡಿ ಒತ್ತಿ ಕಳಿಸುತ್ತಾರೆ.

ಸಿಗ್ನಲ್ ಬೀಳುವುದಕ್ಕೂ ರೋಮಿಂಗ್‌ಗೂ ಸಂಬಂಧವಿಲ್ಲ. ನಿಮ್ಮ ಅಪ್ಪನ ಪುಣೆ ಸಿಮ್ ಹಳ್ಳಿಯಲ್ಲಿ ಹಿಡಿಯುವುದು ಅದೇ ಕಂಪನಿಯ ಕರ್ನಾಟಕದ ಟವರ್‌ನ್ನೇ. ಪಕ್ಕದ ಮನೆಯವರ ಹತ್ತಿರ ಅದೇ ಕಂಪನಿಯ ಶಿವಮೊಗ್ಗದ ಸಿಮ್ ಇದ್ದರೂ ಅದೇ ಟವರ್. ಹಾಗಾಗಿ ಕಂಪನಿ ಬದಲಿಸದೆ ಸರ್ಕಲ್ ಮಾತ್ರ ಬದಲಿಸಿದರೆ ‘ಆರ್’ ಹೋಗುತ್ತದೆ, ಸಿಗ್ನಲ್ ಒಂದು ಕಡ್ಡಿಯೂ ಏರುವುದಿಲ್ಲ.

ದೊಡ್ಡ ಪ್ಲಾನ್ ಮಾತು ಇನ್ನೂ ತಮಾಷೆಯದು. 299ರ ಪ್ಲಾನ್‌ಗೂ 899ರ ಪ್ಲಾನ್‌ಗೂ ಟವರ್ ಒಂದೇ. ದುಬಾರಿ ಪ್ಲಾನ್‌ನಲ್ಲಿ ಹೆಚ್ಚು ದಿನ ಸಿಗಬಹುದು, ಹೆಚ್ಚು ಡೇಟಾ ಸಿಗಬಹುದು. 2024ರ ಜುಲೈನಲ್ಲಿ ದರ ಏರಿದಾಗ ದಿನಕ್ಕೆ 2 ಜಿಬಿ ಮತ್ತು ಅದಕ್ಕಿಂತ ಮೇಲಿನ ಪ್ಲಾನ್‌ಗಳಿಗೆ ಮಾತ್ರ ಅನ್‌ಲಿಮಿಟೆಡ್ 5ಜಿ ಅಂತ ಮಾಡಿದರು. ಅಂಗಡಿಯವರು ಹೇಳುತ್ತಿರುವುದು ಬಹುಶಃ ಅದನ್ನೇ. ನಿಮ್ಮ ಹಳ್ಳಿಗೆ 5ಜಿಯೇ ಬಂದಿಲ್ಲ ಅಂದರೆ ಅದಕ್ಕೆ ಸುಮ್ನೆ ದುಡ್ಡು ಸುರಿಯುವುದು ಯಾಕೆ?

ಈಗ ಅಮ್ಮನ ಫೋನಿನ ವಿಷಯ. ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಒಳ್ಳೆಯ ಸುಳಿವು ಅದೇ. ಕೀಪ್ಯಾಡ್ ಫೋನ್ ಅಡುಗೆಮನೆಯಲ್ಲಿ ರಿಂಗಾಗುತ್ತದೆ ಅಂದರೆ ಟವರ್ ಇದೆ, ಕೆಲಸವನ್ನೂ ಮಾಡುತ್ತಿದೆ. ಹಳೇ ಕೀಪ್ಯಾಡ್ ಫೋನ್ ನಡೆಯುವುದು 2ಜಿಯಲ್ಲಿ. ಆ 2ಜಿ ಸಾಮಾನ್ಯವಾಗಿ 900 ಮೆಗಾಹರ್ಟ್ಸ್‌ನಂಥ ತಗ್ಗಿನ ತರಂಗದಲ್ಲಿ ಬರುತ್ತದೆ. ಅಪ್ಪನ ಫೋನ್ ಹುಡುಕುವುದು 4ಜಿಯನ್ನು. ಅದನ್ನು ಕಂಪನಿಗಳು 1800, 2100, 2300 ಮೆಗಾಹರ್ಟ್ಸ್‌ನಲ್ಲೂ ಕೊಡುತ್ತವೆ. ತಗ್ಗಿನ ತರಂಗ ದೂರ ಹೋಗುತ್ತದೆ, ಗೋಡೆ, ಮರ, ತೋಟ ದಾಟಿ ಒಳಗೆ ಬರುತ್ತದೆ. ಎತ್ತರದ ತರಂಗ ಹೆಚ್ಚು ಡೇಟಾ ಹೊರುತ್ತದೆ, ಆದರೆ ಬೇಗ ಸುಸ್ತಾಗುತ್ತದೆ. ದೂರದ ಮದುವೆಮನೆಯ ಮೈಕಿನಿಂದ ಧಮ್ ಧಮ್ ಅನ್ನುವ ತಾಳ ಮಾತ್ರ ಕೇಳಿಸಿ, ಹಾಡು ಕೇಳಿಸುವುದಿಲ್ಲ ಅಲ್ವಾ? ಹಾಗೆ. ಬಯಲುಸೀಮೆಯಲ್ಲಿ ಈ ವ್ಯತ್ಯಾಸ ಅಷ್ಟು ಕಾಣುವುದಿಲ್ಲ. ಮಲೆನಾಡಿನಲ್ಲಿ ಒಂದು ಗುಡ್ಡ, ಒಂದು ಅಡಿಕೆ ತೋಟ, ದಪ್ಪ ಮಣ್ಣಿನ ಗೋಡೆ ಅಡ್ಡ ಬಂದರೆ ಸಾಕು.

ಇದರ ಜೊತೆ 3ಜಿ ಮುಚ್ಚಿದ ಕಥೆಯೂ ಸೇರಿಕೊಂಡಿದೆ. ಮೊದಲು 4ಜಿ ಸಿಗದಿದ್ದರೆ ಫೋನ್ 3ಜಿಗೆ ಇಳಿಯುತ್ತಿತ್ತು, ನಿಧಾನವಾಗಿಯಾದರೂ ವಾಟ್ಸ್ಆ್ಯಪ್ ಓಡುತ್ತಿತ್ತು. ಏರ್‌ಟೆಲ್ 2019ರಿಂದ ಒಂದೊಂದೇ ಸರ್ಕಲ್‌ನಲ್ಲಿ 3ಜಿ ನಿಲ್ಲಿಸಿ ಆ ತರಂಗವನ್ನು 4ಜಿಗೆ ಕೊಟ್ಟಿತು. ವಿ (ವೊಡಾಫೋನ್ ಐಡಿಯಾ) ಕೂಡ ಅದೇ ದಾರಿ ಹಿಡಿಯಿತು. ಜಿಯೋ ಬಳಿ 2ಜಿಯೂ ಇರಲಿಲ್ಲ, 3ಜಿಯೂ ಇರಲಿಲ್ಲ. ಈಗ 4ಜಿ ತಪ್ಪಿದರೆ ನಡುವಿನ ಮೆಟ್ಟಿಲಿಲ್ಲದೆ ಫೋನ್ ನೇರ 2ಜಿಗೆ ಬೀಳುತ್ತದೆ. ಪರದೆಯ ಮೇಲೆ ‘ಎಚ್’ ಅಥವಾ ‘3ಜಿ’ ಬರುತ್ತಿದ್ದ ಜಾಗದಲ್ಲಿ ಈಗ ‘ಇ’ ಬರುತ್ತದೆ. ‘ಇ’ ಬಂದಾಗ ಕರೆ ಮಾಡಬಹುದು, ನೆಟ್ ಮರೆತುಬಿಡಿ. ‘ಮೊದಲು ಇಲ್ಲಿ ಚೆನ್ನಾಗಿ ಬರ್ತಿತ್ತು, ಈಗ ಯಾಕೋ ಇಲ್ಲ’ ಅನ್ನುವವರ ಫೋನುಗಳಲ್ಲಿ ಎಷ್ಟೋ ಸಲ ಆಗಿರುವುದು ಇದೇ.

ಅಪ್ಪನ ಫೋನಿನಲ್ಲಿ ವೋಲ್ಟಿ, ಅಂದರೆ 4ಜಿಯಲ್ಲೇ ಕರೆ ಮಾಡುವ ಸೌಲಭ್ಯ, ಆನ್ ಇದೆಯಾ ನೋಡಿಸಿ. ಅದು ಆಫ್ ಆಗಿದ್ದರೆ ಪ್ರತಿ ಕರೆಗೂ ಫೋನ್ 4ಜಿ ಬಿಟ್ಟು 2ಜಿಗೆ ಹಾರಬೇಕು. ಆ ಹಾರಾಟದಲ್ಲೇ ಕರೆ ಸಿಕ್ಕದೆ ಹೋಗುವುದುಂಟು. ಇನ್ನೊಂದು ಪ್ರಯೋಗವನ್ನೂ ಮಾಡಬಹುದು. ನೆಟ್‌ವರ್ಕ್ ಮೋಡ್‌ಗೆ ಹೋಗಿ ‘2ಜಿ ಮಾತ್ರ’ ಅಂತ ಇಟ್ಟು ಒಂದು ದಿನ ನೋಡಲಿ. ಕರೆ ಸರಿಹೋದರೆ ನಾನು ಹೇಳಿದ ಕಾರಣವೇ ಸರಿ ಅಂತ ಆಯಿತು.

ಮಳೆಯ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಮಳೆಹನಿಗಳು ಫೋನಿನ ಸಿಗ್ನಲ್‌ ತಡೆಯುತ್ತವೆ ಅಂತ ಬಹಳ ಜನ ನಂಬಿದ್ದಾರೆ. ಫೋನಿಗೂ ಟವರ್‌ಗೂ ನಡುವಿನ ತರಂಗಕ್ಕೆ ಮಳೆಯಿಂದ ಆಗುವ ನಷ್ಟ ತೀರಾ ಕಡಿಮೆ. ನೆನೆದ ಎಲೆಗಳು ಸ್ವಲ್ಪ ತಿನ್ನುತ್ತವೆ, ನಿಜ. ದೊಡ್ಡ ಪೆಟ್ಟು ಬೀಳುವುದು ಬೇರೆ ಎರಡು ಕಡೆ. ಒಂದು, ಟವರ್‌ನಿಂದ ಟವರ್‌ಗೆ ಡೇಟಾ ಸಾಗಿಸುವ ಮೈಕ್ರೋವೇವ್ ಕೊಂಡಿ. ಟವರ್ ಮೇಲೆ ಬಿಳಿ ಡೋಲಿನ ಹಾಗೆ ದುಂಡಗೆ ಕಾಣುವುದೇ ಅದು. ಆ ಕೊಂಡಿಯ ತರಂಗ ಬಹಳ ಎತ್ತರದ್ದು, ಜಡಿಮಳೆಗೆ ಸೊರಗುತ್ತದೆ. ಆಗ ಫೋನಿನಲ್ಲಿ ಕಡ್ಡಿ ಪೂರ್ತಿ ಇರುತ್ತದೆ, ನೆಟ್ ಮಾತ್ರ ಓಡುವುದಿಲ್ಲ. ಇನ್ನೊಂದು, ಕರೆಂಟು. ಮಲೆನಾಡಿನ ಮಳೆಗಾಲ ಅಂದರೆ ತಂತಿಯ ಮೇಲೆ ಮರ ಬಿತ್ತು ಅಂತಲೇ ಅರ್ಥ. ಟವರ್‌ನ ಬ್ಯಾಟರಿ ಕೆಲವು ಗಂಟೆ ಎಳೆಯುತ್ತದೆ. ಅಷ್ಟರಲ್ಲಿ ಕರೆಂಟೂ ಬರಲಿಲ್ಲ, ಜನರೇಟರ್‌ಗೆ ಡೀಸೆಲ್ಲೂ ಬರಲಿಲ್ಲ ಅಂದರೆ ಟವರ್ ಮಲಗುತ್ತದೆ. ಕಂಪನಿ ಬದಲಿಸಿದರೂ ಇದು ತಪ್ಪದಿರಬಹುದು, ಯಾಕೆಂದರೆ ಒಂದೇ ಕಂಬದ ಮೇಲೆ ಎರಡು ಮೂರು ಕಂಪನಿಗಳ ಆಂಟೆನಾ ಇರುವುದು ಮಾಮೂಲು. ಅಪ್ಪನಿಗೆ ಹೇಳಿ, ಒಂದು ವಾರ ಗಮನಿಸಲಿ. ಕರೆಂಟು ಹೋದ ಎಷ್ಟು ಹೊತ್ತಿಗೆ ಯಾರ ಯಾರ ಸಿಗ್ನಲ್ ಹೋಗುತ್ತದೆ? ಊರಿನಲ್ಲಿ ಕೊನೆಯವರೆಗೂ ಉಳಿಯುವ ಸಿಮ್ ಯಾವುದು? ಆ ಮಾಹಿತಿ ಯಾವ ಜಾಹೀರಾತಿನಲ್ಲೂ ಸಿಗುವುದಿಲ್ಲ.

ಪೋರ್ಟ್ ಮಾಡಿಸುವ ಮೊದಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಪೈಸೆ ಖರ್ಚಿಲ್ಲ, ಬೇರೆ ಸಿಮ್ ಕೂಡ ಬೇಡ. ಸೆಟ್ಟಿಂಗ್ಸ್‌ನಲ್ಲಿ ಮೊಬೈಲ್ ನೆಟ್‌ವರ್ಕ್ ಒಳಗೆ ನೆಟ್‌ವರ್ಕ್ ಆಪರೇಟರ್ ಅಂತ ಇರುತ್ತದೆ. ಅಲ್ಲಿ ಆಟೋಮ್ಯಾಟಿಕ್ ತೆಗೆದರೆ ಫೋನ್ ಒಂದೆರಡು ನಿಮಿಷ ಹುಡುಕಿ ಆ ಜಾಗದಲ್ಲಿ ಸಿಗುವ ಎಲ್ಲಾ ಕಂಪನಿಗಳ ಪಟ್ಟಿ ಕೊಡುತ್ತದೆ. ಹೆಸರಿನ ಮುಂದೆ 2ಜಿ, 4ಜಿ ಅಂತಲೂ ಬರುವುದುಂಟು. ಜಗಲಿಯಲ್ಲಿ, ಮಲಗುವ ಕೋಣೆಯಲ್ಲಿ, ಕೊಟ್ಟಿಗೆಯ ಹತ್ತಿರ ಬೇರೆ ಬೇರೆಯಾಗಿ ಮಾಡಿ ನೋಡಲಿ. ಮುಗಿದ ಮೇಲೆ ಆಟೋಮ್ಯಾಟಿಕ್ ಮತ್ತೆ ಹಾಕುವುದು ಮರೆಯಬೇಡಿ. ಮರೆತರೆ ನಾಳೆ ಸಾಗರದ ಪೇಟೆಯಲ್ಲೂ ನೆಟ್‌ವರ್ಕ್ ಇಲ್ಲ ಅಂತ ನಿಮಗೆ ಫೋನ್ ಬರುತ್ತದೆ. ಅಲ್ಲ, ಫೋನೂ ಬರುವುದಿಲ್ಲ!

ಪರದೆಯ ಮೇಲೆ ಬರುವ ಮಾತನ್ನೂ ಸರಿಯಾಗಿ ಓದಿ. ‘ನೋ ಸರ್ವೀಸ್’ ಅಂದರೆ ಫೋನಿಗೆ ಯಾವ ಟವರೂ ಸಿಕ್ಕಿಲ್ಲ. ‘ಎಮರ್ಜೆನ್ಸಿ ಕಾಲ್ಸ್ ಓನ್ಲಿ’ ಅಂದರೆ ಸಾಮಾನ್ಯವಾಗಿ ನಿಮ್ಮ ಕಂಪನಿಯದು ಇಲ್ಲ, ಬೇರೆ ಯಾರದೋ ಇದೆ ಅಂತ. ಅಂಥ ಕಡೆ ಬೇರೆ ಕಂಪನಿಯ ಟವರ್ ಮೂಲಕ 112ಕ್ಕೆ ಕರೆ ಹೋಗುತ್ತದೆ. ವಯಸ್ಸಾದವರಿಬ್ಬರೇ ಇರುವ ಮನೆ, ಇದನ್ನು ಇಬ್ಬರಿಗೂ ಹೇಳಿಕೊಟ್ಟಿರಿ.

ಕಡ್ಡಿಗಳನ್ನು ಹೆಚ್ಚು ನಂಬಬೇಡಿ. ಒಂದೊಂದು ಫೋನು ಒಂದೊಂದು ಲೆಕ್ಕದಲ್ಲಿ ಕಡ್ಡಿ ತೋರಿಸುತ್ತದೆ. ಆ್ಯಂಡ್ರಾಯ್ಡ್‌ನಲ್ಲಿ ಅಬೌಟ್ ಫೋನ್, ಅದರೊಳಗೆ ಸಿಮ್ ಸ್ಟೇಟಸ್ ನೋಡಿದರೆ ಸಿಗ್ನಲ್ ಸ್ಟ್ರೆಂತ್ ಅಂತ ಮೈನಸ್ ಲೆಕ್ಕದಲ್ಲಿ ಒಂದು ಅಂಕಿ ಸಿಗುತ್ತದೆ. 4ಜಿಯಲ್ಲಿ ಮೈನಸ್ 85ರ ಆಸುಪಾಸು ಇದ್ದರೆ ಚೆನ್ನಾಗಿದೆ. ಮೈನಸ್ 105ಕ್ಕೆ ಮಾತು ನಡೆಯುತ್ತದೆ. ಮೈನಸ್ 115 ದಾಟಿದರೆ ಕಟ್ಟಾಗುವುದೇ. ಇದರಲ್ಲಿ 10 ಅಂಕಿ ಕೆಳಗಿಳಿದರೆ ಸಿಗ್ನಲ್‌ನ ಶಕ್ತಿ ಹತ್ತನೇ ಒಂದು ಭಾಗಕ್ಕೆ ಇಳಿದಂತೆ. ಹಾಗಾಗಿ ಫೋನನ್ನು ಗೋಡೆಯ ಗೂಡಿನಿಂದ ಕಿಟಕಿಗೆ ತಂದಾಗ ಸಿಗುವ ಹತ್ತು ಅಂಕಿ ಸಣ್ಣ ಲಾಭವಲ್ಲ.

ಟ್ರಾಯ್ 2024ರಲ್ಲಿ ತಂದ ಗುಣಮಟ್ಟದ ನಿಯಮದಂತೆ ಪ್ರತಿ ಕಂಪನಿಯೂ ಎಲ್ಲಿ 2ಜಿ, ಎಲ್ಲಿ 4ಜಿ, ಎಲ್ಲಿ 5ಜಿ ಇದೆ ಅನ್ನುವ ನಕ್ಷೆಯನ್ನು ತನ್ನ ವೆಬ್‌ಸೈಟ್‌ನಲ್ಲಿ ಹಾಕಬೇಕು. ನೀವು ಪುಣೆಯಲ್ಲೇ ಕೂತು ನಿಮ್ಮ ಹಳ್ಳಿಯನ್ನು ಅದರಲ್ಲಿ ಹುಡುಕಬಹುದು. ಆದರೆ ನಕ್ಷೆಯ ಬಣ್ಣ ನಿಮ್ಮ ಮನೆಯ ಹಿಂದಿನ ಗುಡ್ಡ ಕೊಡುವ ತೊಂದರೆಯನ್ನು ಪೂರ್ತಿ ಹೇಳುವುದಿಲ್ಲ. ನಕ್ಷೆ ನೋಡಿ ಒಂದು ಕಂಪನಿಯನ್ನು ಪಟ್ಟಿಯಿಂದ ಬಿಡಬಹುದು, ನಕ್ಷೆಯನ್ನೇ ನಂಬಿ ಆರಿಸಬಾರದು.

ಬಿಎಸ್‌ಎನ್‌ಎಲ್‌ನ್ನು ಲೆಕ್ಕದಿಂದ ಬಿಡಬೇಡಿ. ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಅಂತ ಬೋರ್ಡ್ ಕಟ್ಟಿದ ಸೀಮೆ ನಿಮ್ಮದು. ಟವರ್ ಹಾಕಿದರೆ ಖಾಸಗಿ ಕಂಪನಿಗಳಿಗೆ ಲಾಭವಿಲ್ಲದ ಇಂಥ ಊರುಗಳಿಗಾಗಿಯೇ ಕೇಂದ್ರ ಸರ್ಕಾರ 2022ರ ಜುಲೈನಲ್ಲಿ 26,316 ಕೋಟಿ ರೂಪಾಯಿಯ 4ಜಿ ಯೋಜನೆಗೆ ಒಪ್ಪಿಗೆ ಕೊಟ್ಟು ಬಿಎಸ್‌ಎನ್‌ಎಲ್‌ಗೆ ವಹಿಸಿತು. 2025ರ ಸೆಪ್ಟೆಂಬರ್ 27ರಂದು ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿ ಅಧಿಕೃತವಾಗಿ ಉದ್ಘಾಟನೆಯಾಯಿತು. ಅದರ ರೇಡಿಯೋ ಉಪಕರಣ ಮಾಡಿದ್ದು ನಮ್ಮ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್. ಇಲ್ಲೊಂದು ಸೂಕ್ಷ್ಮ ಇದೆ. ಬಿಎಸ್‌ಎನ್‌ಎಲ್ 4ಜಿ ಮುಖ್ಯವಾಗಿ ಬರುವುದು 700 ಮತ್ತು 2100 ಮೆಗಾಹರ್ಟ್ಸ್‌ನಲ್ಲಿ. 700 ಅಂದರೆ ಗುಡ್ಡಗಾಡಿಗೆ ಹೇಳಿ ಮಾಡಿಸಿದ ತರಂಗ. ಆದರೆ ಅದನ್ನು ಹಿಡಿಯಲು ಫೋನಿನಲ್ಲಿ ‘ಬ್ಯಾಂಡ್ 28’ ಇರಬೇಕು. ಹಳೇ ಫೋನುಗಳಲ್ಲಿ ಅನೇಕವಕ್ಕೆ ಅದಿಲ್ಲ. ಟವರ್ ಎದುರಿಗಿದ್ದರೂ ಅಂಥ ಫೋನಿಗೆ ಆ ತರಂಗ ಕಾಣುವುದಿಲ್ಲ, ಬೈಗುಳ ಮಾತ್ರ ಬಿಎಸ್‌ಎನ್‌ಎಲ್‌ಗೆ. ಅಪ್ಪನ ಫೋನಿನ ಮಾಡೆಲ್ ಹೆಸರು ಹಾಕಿ ಅದರ ಬ್ಯಾಂಡ್‌ಗಳ ಪಟ್ಟಿ ನೋಡಿ. ಐದು ನಿಮಿಷದ ಕೆಲಸ.

ಇನ್ನೊಂದು ಬದಲಾವಣೆ ಅನೇಕರ ಗಮನಕ್ಕೆ ಬಂದಿಲ್ಲ. 2025ರ ಜನವರಿಯಲ್ಲಿ, ಡಿಜಿಟಲ್ ಭಾರತ್ ನಿಧಿಯ ದುಡ್ಡಿನಿಂದ ಕಟ್ಟಿದ ಟವರ್‌ಗಳಲ್ಲಿ ಜಿಯೋ, ಏರ್‌ಟೆಲ್, ಬಿಎಸ್‌ಎನ್‌ಎಲ್ ಮೂವರ ಗ್ರಾಹಕರೂ ಯಾರ ಟವರ್ ಇದ್ದರೂ 4ಜಿ ಬಳಸಬಹುದು ಅಂತ ಸರ್ಕಾರ ಪ್ರಕಟಿಸಿತು. ಇದಕ್ಕೆ ಇಂಟ್ರಾ ಸರ್ಕಲ್ ರೋಮಿಂಗ್ ಅಂತಾರೆ. ಆಗ ಹೇಳಿದ ಲೆಕ್ಕ 27,836 ಟವರ್‌ಗಳು. ಎಲ್ಲಾ ಟವರ್‌ಗಳಿಗೂ ಇದು ಅನ್ವಯಿಸುವುದಿಲ್ಲ, ಸರ್ಕಾರದ ದುಡ್ಡಿನವಕ್ಕೆ ಮಾತ್ರ. ನಿಮ್ಮ ಊರಿನ ಟವರ್ ಆ ಪೈಕಿಯದಾ ಅಂತ ಪಂಚಾಯಿತಿಯಲ್ಲಿ ಅಥವಾ ಟವರ್ ನೋಡಿಕೊಳ್ಳುವ ಹುಡುಗನ ಹತ್ತಿರ ಕೇಳಬಹುದು. ಆ ಹುಡುಗರಿಗೆ ಗೊತ್ತಿರುವಷ್ಟು ಕಸ್ಟಮರ್ ಕೇರ್‌ಗೆ ಗೊತ್ತಿರುವುದಿಲ್ಲ.

ನನ್ನ ಸಲಹೆ ಇಷ್ಟು. ಪೋರ್ಟ್‌ಗೆ ಅವಸರ ಬೇಡ. ಅಪ್ಪನ ಫೋನಿನಲ್ಲಿ ಎರಡು ಸಿಮ್ ಹಿಡಿಯುತ್ತದೆ ಅಂದುಕೊಳ್ಳುತ್ತೇನೆ. ಪಟ್ಟಿಯಲ್ಲಿ ಚೆನ್ನಾಗಿ ಕಂಡ ಕಂಪನಿಯ ಹೊಸ ಸಿಮ್ ಒಂದನ್ನು ಹೊಸನಗರದಲ್ಲೇ ತೆಗೆದು, ಕಡಿಮೆ ಬೆಲೆಯ ರೀಚಾರ್ಜ್ ಹಾಕಿ, ಮಳೆಯಲ್ಲೇ ಒಂದು ತಿಂಗಳು ಬಳಸಲಿ. ಬೇಸಿಗೆಯಲ್ಲಿ ಮಾಡಿದ ಪರೀಕ್ಷೆ ಮಲೆನಾಡಿನಲ್ಲಿ ಲೆಕ್ಕಕ್ಕಿಲ್ಲ. ಚೆನ್ನಾಗಿದ್ದರೆ ಆಮೇಲೆ ಹಳೇ ನಂಬರನ್ನು ಆ ಕಂಪನಿಗೆ ಪೋರ್ಟ್ ಮಾಡಿಸಿ. 2015ರ ಜುಲೈನಿಂದ ಮಹಾರಾಷ್ಟ್ರದ ನಂಬರನ್ನು ಕರ್ನಾಟಕಕ್ಕೂ ತರಬಹುದು. ಇಂಗ್ಲಿಷಿನಲ್ಲಿ ‘ಪೋರ್ಟ್’ ಅಂತ ಬರೆದು, ಜಾಗ ಬಿಟ್ಟು, ನಂಬರ್ ಹಾಕಿ 1900ಕ್ಕೆ ಎಸ್‌ಎಂಎಸ್ ಮಾಡಿದರೆ ಎಂಟು ಅಕ್ಷರದ ಕೋಡ್ ಬರುತ್ತದೆ. ಅದು ನಾಲ್ಕು ದಿನ ಚಾಲ್ತಿಯಲ್ಲಿರುತ್ತದೆ. ಆಧಾರ್ ಹಿಡಿದು ಹೊಸ ಕಂಪನಿಯ ಅಂಗಡಿಗೆ ಹೋದರೆ ಆಯಿತು. ಬೇರೆ ಸರ್ಕಲ್‌ನಿಂದ ಬರುವುದಕ್ಕೆ ಐದು ಕೆಲಸದ ದಿನ ಹಿಡಿಯುತ್ತದೆ. ಈಗಿನ ಕಂಪನಿಯಲ್ಲಿ 90 ದಿನ ಆಗಿರಬೇಕು, ನಿಮಗೆ ಅದು ಯಾವಾಗಲೋ ಆಗಿದೆ. ಉಳಿದ ಬ್ಯಾಲೆನ್ಸ್, ವ್ಯಾಲಿಡಿಟಿ ಹೊಸ ಕಡೆಗೆ ಬರುವುದಿಲ್ಲ, ಆದ್ದರಿಂದ ರೀಚಾರ್ಜ್ ಮುಗಿಯುವ ಹೊತ್ತಿಗೆ ಮಾಡಿಸಿ. ಸಿಮ್ ಬದಲಾಗುವ ದಿನ ಬ್ಯಾಂಕ್ ಓಟಿಪಿ ಬೇಕಾದ ಕೆಲಸ ಇಟ್ಟುಕೊಳ್ಳಬೇಡಿ.

ಅಮ್ಮನ ನಂಬರ್ ಮಾತ್ರ ಸದ್ಯಕ್ಕೆ ಮುಟ್ಟಬೇಡಿ. ಚೆನ್ನಾಗಿ ನಡೆಯುತ್ತಿರುವ ಒಂದೇ ಫೋನ್ ಅದು. ಯಾರೋ ಹೇಳಿದರು ಅಂತ ಅದನ್ನು ಜಿಯೋಗೆ ಪೋರ್ಟ್ ಮಾಡಿಸಿದರೆ ಆ 2ಜಿ ಕೀಪ್ಯಾಡ್ ಫೋನಿನಲ್ಲಿ ಸಿಮ್ ಕೆಲಸವನ್ನೇ ಮಾಡುವುದಿಲ್ಲ. ಅವರಿಗೆ ಡೇಟಾ ಬೇಡ ಅನ್ನುವುದಾದರೆ ಕರೆ ಮತ್ತು ಎಸ್‌ಎಂಎಸ್ ಮಾತ್ರ ಇರುವ ಪ್ಲಾನ್ ಕೇಳಿ. 2024ರ ಡಿಸೆಂಬರ್‌ನ ಟ್ರಾಯ್ ಆದೇಶದ ನಂತರ ಕಂಪನಿಗಳು ಅಂಥ ಪ್ಲಾನ್ ಕೊಡಲೇಬೇಕು. ಅಂಗಡಿಯವರು ತಾವಾಗಿ ಹೇಳುವುದು ಕಡಿಮೆ, ನೀವೇ ಕೇಳಬೇಕು.

ಮನೆಗೆ ಫೈಬರ್ ಬಂದಿದೆಯಾ? ಮಲೆನಾಡಿನ ಎಷ್ಟೋ ಒಂಟಿ ಮನೆಗಳಿಗೂ ಈಗ ಅಡಿಕೆ ಮರದಿಂದ ಮರಕ್ಕೆ ಕಟ್ಟಿದ ಕೇಬಲ್ ತಲುಪಿದೆ. ಬಂದಿದ್ದರೆ ಅಪ್ಪನ ಸಮಸ್ಯೆ ಇವತ್ತೇ ಮುಗಿಯಬಹುದು. ಫೋನಿನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿ. ಏರ್‌ಟೆಲ್ ಇದನ್ನು 2019ರ ಡಿಸೆಂಬರ್‌ನಲ್ಲಿ ಶುರು ಮಾಡಿತು, ಜಿಯೋ ಮರುತಿಂಗಳು. ಮಾಮೂಲಿ ನಂಬರ್‌ಗೆ ಮಾಮೂಲಿ ಕರೆ, ದಾರಿ ಮಾತ್ರ ಟವರ್ ಬದಲು ನಿಮ್ಮ ಮನೆಯ ರೂಟರ್. ಬೇರೆ ಶುಲ್ಕವಿಲ್ಲ. ಆ ರೂಟರ್‌ಗೆ ಒಂದು ಸಣ್ಣ ಯುಪಿಎಸ್ ಹಾಕಿಸಿ, ಇಲ್ಲದಿದ್ದರೆ ಕರೆಂಟು ಹೋದಾಗ ಮತ್ತೆ ಅದೇ ಕಥೆ.

ಒಂದು ಎಚ್ಚರಿಕೆ. ಆನ್‌ಲೈನ್‌ನಲ್ಲಿ ಸಿಗುವ ಸಿಗ್ನಲ್ ಬೂಸ್ಟರ್ ತರಿಸಬೇಡಿ. ಲೈಸೆನ್ಸ್ ಇಲ್ಲದೆ ಅದನ್ನು ಇಟ್ಟುಕೊಳ್ಳುವುದೂ ನಮ್ಮಲ್ಲಿ ಅಪರಾಧ. ಅದು ಟವರ್‌ಗೇ ಗದ್ದಲ ಮಾಡಿ ಇಡೀ ಊರಿನ ಕರೆ ಕೆಡಿಸುತ್ತದೆ. ತೊಂದರೆ ಮುಂದುವರಿದರೆ ಈಗಿನ ಕಂಪನಿಯ 198ಕ್ಕೆ ಕರೆ ಮಾಡಿ ದೂರು ಕೊಟ್ಟು ಡಾಕೆಟ್ ನಂಬರ್ ಬರೆದಿಟ್ಟುಕೊಳ್ಳಿ. ಸರಿಹೋಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು, ಆಗ ಆ ನಂಬರ್ ಬೇಕು. ಒಬ್ಬರೇ ಕೊಡುವ ಬದಲು ಅದೇ ಟವರ್‌ನ ಹತ್ತು ಮನೆಯವರು ಕೊಟ್ಟರೆ ಬೇಗ ಯಾರಾದರೂ ಬಂದು ನೋಡುತ್ತಾರೆ.

ಇನ್ನು ವೈಷ್ಣೋದೇವಿ. ಉಳಿದ ಕಡೆ ರೋಮಿಂಗ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ ಅಂದೆ, ಇಲ್ಲಿ ಮಾತ್ರ ಕೆಡಿಸಿಕೊಳ್ಳಲೇಬೇಕು. ಭದ್ರತೆಯ ಕಾರಣಕ್ಕೆ ಜಮ್ಮು ಕಾಶ್ಮೀರದಲ್ಲಿ ಹೊರಗಿನ ಪ್ರಿಪೇಯ್ಡ್ ಸಿಮ್‌ಗಳು ನಡೆಯುವುದಿಲ್ಲ. ಎಷ್ಟೇ ದೊಡ್ಡ ರೀಚಾರ್ಜ್ ಇದ್ದರೂ ಅಷ್ಟೇ. ರೈಲು ಪಠಾಣ್‌ಕೋಟ್ ದಾಟಿ ಒಳಗೆ ಹೋಗುತ್ತಿದ್ದಂತೆ ಇಬ್ಬರ ಫೋನೂ ಸುಮ್ಮನಾಗುತ್ತವೆ. ಪೋಸ್ಟ್‌ಪೇಯ್ಡ್ ನಡೆಯುತ್ತದೆ. ಹಾಗಾಗಿ ಇಬ್ಬರಲ್ಲಿ ಒಬ್ಬರ ನಂಬರನ್ನಾದರೂ ಹೊರಡುವ ಸಾಕಷ್ಟು ಮೊದಲು ಪೋಸ್ಟ್‌ಪೇಯ್ಡ್ ಮಾಡಿಸಿ. ಪುಣೆಯ ಸಿಮ್ ಆದ್ದರಿಂದ ಹೊಸನಗರದ ಅಂಗಡಿಯಲ್ಲಿ ಅದು ಆಗುತ್ತದಾ, ಪುಣೆಯಲ್ಲೇ ಮಾಡಿಸಬೇಕಾ ಅಂತ ಮೊದಲೇ ಕೇಳಿಕೊಳ್ಳಿ. ಪೋರ್ಟ್ ಅರ್ಜಿ ಯಾತ್ರೆ ಮುಗಿದ ಮೇಲೆ ಹಾಕಿ, ನಡುದಾರಿಯಲ್ಲಿ ಸಿಮ್ ಬದಲಾದರೆ ಕಷ್ಟ. ಇನ್ನೊಂದು ದಾರಿ, ಬೆಟ್ಟದ ಬುಡದ ಊರಾದ ಕಟ್ರಾದಲ್ಲಿ ಇಳಿದು ಗುರುತಿನ ಚೀಟಿ ಕೊಟ್ಟು ಅಲ್ಲಿನ ಸಿಮ್ ತೆಗೆಯುವುದು. ಹೇಗೂ ಇರಲಿ, ವಾಪಸ್ ರೈಲಿನ ಟಿಕೆಟ್, ಯಾತ್ರೆಯ ನೋಂದಣಿ, ಲಾಡ್ಜ್ ಬುಕಿಂಗ್ ಎಲ್ಲದರ ಸ್ಕ್ರೀನ್‌ಶಾಟ್ ಫೋನಿನಲ್ಲಿರಲಿ, ಸಾಧ್ಯವಾದರೆ ಕಾಗದದ ಮೇಲೂ ಇರಲಿ. ಫೋನ್‌ಪೇ, ಗೂಗಲ್‌ಪೇ ನಂಬಿಕೊಂಡು ಹೋಗದೆ ಸ್ವಲ್ಪ ಜಾಸ್ತಿಯೇ ನಗದು ಇಟ್ಟುಕೊಳ್ಳಲಿ. ಲಾಡ್ಜ್‌ನಲ್ಲಿ ವೈಫೈ ಸಿಕ್ಕರೆ ಅಪ್ಪನ ವಾಟ್ಸ್ಆ್ಯಪ್ ಹಳೇ ನಂಬರ್‌ನಲ್ಲೇ ಓಡುತ್ತದೆ, ದಿನಕ್ಕೊಮ್ಮೆ ಅದರಲ್ಲಿ ಮಾತಾಡಬಹುದು. ಹತ್ತುವಾಗ ಇಬ್ಬರೂ ಒಟ್ಟಿಗೇ ಇರಲಿ, ಜನದ ನಡುವೆ ಒಬ್ಬರನ್ನೊಬ್ಬರು ಫೋನ್ ಮಾಡಿ ಹುಡುಕಲು ಅಲ್ಲಿ ಆಗುವುದಿಲ್ಲ.